ಸಿನಾಪ್ಸಿಸ್ ನೋಡಿದವರೆಲ್ಲ 'ಸೂಪರ್' ಅಂತಾರೆ, ತಪ್ಪು ಹೇಳುವವರನ್ನು ಎಲ್ಲಿಂದ ತರಲಿ?

ಅರ್ಧಪುಟ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲೇ ಎಂ.ಎ. ಕೊನೆಯ ವರ್ಷ, ಸಮಾಜಶಾಸ್ತ್ರ. ಇನ್ನು ಮೂರು ವಾರದಲ್ಲಿ ಪ್ರಬಂಧದ ಸಿನಾಪ್ಸಿಸ್, ಅಂದರೆ ಏನನ್ನು ಹೇಗೆ ಅಧ್ಯಯನ ಮಾಡುತ್ತೇನೆ ಅನ್ನುವ ಯೋಜನೆ, ಕೊಡಬೇಕು. ವಿಷಯ: 'ಬೆಂಗಳೂರಿನ ಮನೆಕೆಲಸದ ಮಹಿಳೆಯರ ಬದುಕಿನ ಮೇಲೆ ಶಕ್ತಿ ಯೋಜನೆಯ ಪರಿಣಾಮ'. ಹದಿನಾಲ್ಕು ಪುಟ ಬರೆದಿದ್ದೇನೆ. ಗೈಡ್‌ಗೆ ಕೊಟ್ಟೆ. ಎರಡು ನಿಮಿಷ ಪುಟ ತಿರುವಿ 'ಚೆನ್ನಾಗಿದೆ, ಮುಂದುವರಿಸಿ' ಅಂದರು. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹನ್ನೊಂದು ಜನ ಹೆಬ್ಬೆರಳು ಎತ್ತಿದರು, ಒಬ್ಬಳು ಹಾರ್ಟ್ ಕಳಿಸಿದಳು. ಒಬ್ಬರೂ ಓದಿಲ್ಲ ಅಂತ ಗ್ಯಾರಂಟಿ ಗೊತ್ತು, ಯಾಕೆಂದರೆ ಆರನೇ ಪುಟದಲ್ಲಿ ಒಂದೇ ಪ್ಯಾರಾ ಎರಡು ಸಲ ಅಂಟಿಸಿಬಿಟ್ಟಿದ್ದೆ, ಅದನ್ನು ಯಾರೂ ಹೇಳಲಿಲ್ಲ.

ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಏನು ಅಂತ ನನಗೇ ಹೊಳೆಯುತ್ತಿಲ್ಲ. ನೀವೆಲ್ಲ ಪ್ಲಾನ್ ಮಾಡುವಾಗ ಜೊತೆಯವರ ಸಲಹೆ ಹೇಗೆ ಪಡೆದಿರಿ? ಹೊಗಳಿಕೆ ಬೇಡ, ಅಮ್ಮ ಸಾಕಷ್ಟು ಹೊಗಳುತ್ತಾರೆ.

ಚಿತ್ರಾನ್ನ:
ಹದಿನಾಲ್ಕು ಪುಟ ಕಳಿಸಿದರೆ ಯಾರು ಓದುತ್ತಾರೆ ತಾಯಿ. ನಾನು ಮದುವೆ ಪತ್ರಿಕೆಯಲ್ಲೇ ಛತ್ರದ ಹೆಸರು ಮಾತ್ರ ನೋಡುವವನು.

ಲಾಸ್ಟ್‌ಬಸ್:
ಚಿತ್ರಾನ್ನ ತಮಾಷೆಗೆ ಹೇಳಿದರೂ ವಿಷಯ ಅದೇ. ನಾನು ಪಿಎಚ್‌ಡಿ ನಾಲ್ಕನೇ ವರ್ಷ. ಮೊದಲ ವರ್ಷ ನಾನೂ ಹೀಗೇ ದೊಡ್ಡ ಫೈಲ್ ಕಳಿಸಿ, 'ಹೇಗಿದೆ ನೋಡಿ ಹೇಳಿ' ಅಂತ ಬರೆಯುತ್ತಿದ್ದೆ. 'ಹೇಗಿದೆ' ಅಂತ ಕೇಳಿದರೆ ಜನ 'ಚೆನ್ನಾಗಿದೆ' ಅನ್ನುತ್ತಾರೆ, ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಬೇರೆ ಏನು ಹೇಳಬೇಕು ಪಾಪ?

ಆಮೇಲೆ ಒಬ್ಬ ಸೀನಿಯರ್ ಅಕ್ಕ ದಾರಿ ತೋರಿಸಿದರು. ಒಂದೇ ಪುಟ ಬರೆಯಬೇಕು. ನನ್ನ ಪ್ರಶ್ನೆ ಏನು, ಯಾರನ್ನು ಕೇಳುತ್ತೇನೆ, ಏನು ಕೇಳುತ್ತೇನೆ, ಎಷ್ಟು ದಿನ ಬೇಕು, ಅಷ್ಟೇ. ಕೆಳಗೆ ಅನುಮಾನ ಇರುವ ಎರಡು ಮೂರು ಜಾಗವನ್ನು ನಾವೇ ಗುರುತು ಮಾಡಿ ಕೇಳಬೇಕು: 'ಈ ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತದೆ?' ಈ ಪ್ರಶ್ನೆ ಕೇಳಿದ ತಕ್ಷಣ ಎದುರಿಗಿರುವವರ ನಾಲಿಗೆ ಸಡಿಲವಾಗುತ್ತದೆ. ತಪ್ಪು ಹುಡುಕುವುದು ಆಗ ಅವರಿಗೆ ಕೊಟ್ಟ ಕೆಲಸವಾಗುತ್ತದೆ, ಮುಜುಗರ ಇರುವುದಿಲ್ಲ.

ಇನ್ನೊಂದು, ಓದಿದವರನ್ನು 'ನಾನು ಏನು ಮಾಡಲು ಹೊರಟಿದ್ದೇನೆ, ನಿಮ್ಮ ಮಾತಲ್ಲಿ ಹೇಳಿ' ಅಂತ ಕೇಳಿ. ಅವರು ಹೇಳಿದ್ದು ನಿಮ್ಮ ತಲೆಯಲ್ಲಿ ಇದ್ದದ್ದಕ್ಕೆ ಹೊಂದದಿದ್ದರೆ ತಪ್ಪು ಬರವಣಿಗೆಯದ್ದು, ಅವರದ್ದಲ್ಲ.

ಕೆಂಪುಪೆನ್ನು:
ಒಂದು ಪುಟ ಮಾಡಿ ಇಲ್ಲೇ ಹಾಕಿ. ನಾವು ಬೈಯುತ್ತೇವೆ. ಫ್ರೀ.

ಅರ್ಧಪುಟ:
ಸರಿ, ರಾತ್ರಿ ಕೂತು ಹದಿನಾಲ್ಕು ಪುಟವನ್ನು ಇಷ್ಟಕ್ಕೆ ಇಳಿಸಿದೆ. ಇಳಿಸುವಾಗಲೇ ಅರ್ಧ ಗೊತ್ತಾಯಿತು, ಮೊದಲ ಐದು ಪುಟ ಬರೀ ಮಹಿಳಾ ಸಬಲೀಕರಣದ ಭಾಷಣ.

ಪ್ರಶ್ನೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾಯಿತಲ್ಲ, ಅದರಿಂದ ಮನೆಕೆಲಸದ ಮಹಿಳೆಯರ ಬದುಕು ಸುಧಾರಿಸಿದೆಯೇ?
ಯಾರು: ಬಿಎಂಟಿಸಿ ಬಸ್ಸಿನಲ್ಲಿ ಓಡಾಡುವ 384 ಮನೆಕೆಲಸದ ಮಹಿಳೆಯರು.
ಹೇಗೆ: ಗೂಗಲ್ ಫಾರ್ಮ್‌ನಲ್ಲಿ 42 ಪ್ರಶ್ನೆ, ಬಸ್ ಸ್ಟಾಪಿನಲ್ಲಿ ನಾನೇ ಕೇಳಿ ತುಂಬುವುದು.
ಎಷ್ಟು ದಿನ: ಎರಡು ತಿಂಗಳು.
ಅನುಮಾನ: ಪ್ರಶ್ನೆಗಳು ಜಾಸ್ತಿ ಆಯಿತಾ? ಎರಡು ತಿಂಗಳು ಸಾಕಾ?

ಸಂಖ್ಯಾಬಲ:
384 ಎಲ್ಲಿಂದ ಬಂತು ಹೇಳಲಾ? ಹಳೆಯ ಯಾವುದೋ ಪ್ರಬಂಧದಿಂದ ಎತ್ತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಎತ್ತುತ್ತಾರೆ.

ಆ ಸಂಖ್ಯೆ ಬರುವುದು ಹೀಗೆ. ತುಂಬಾ ದೊಡ್ಡ ಜನಸಂಖ್ಯೆಯಿಂದ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದ್ದೀರಿ, ಶೇ 95ರ ವಿಶ್ವಾಸ ಮಟ್ಟ (ನೂರು ಸಲ ಮಾಡಿದರೆ 95 ಸಲ ಲೆಕ್ಕ ಸರಿ ಬರಬೇಕು) ಬೇಕು, ಶೇ 5ರಷ್ಟು ಆಚೀಚೆ ಆದರೆ ಪರವಾಗಿಲ್ಲ ಅಂತ ಇಟ್ಟುಕೊಳ್ಳಿ. ಶೇ 95ಕ್ಕೆ ಕೋಷ್ಟಕದಲ್ಲಿ ಸಿಗುವ 1.96ರ ವರ್ಗವನ್ನು 0.25ರಿಂದ (ಅರ್ಧಕ್ಕರ್ಧ ಜನ 'ಹೌದು' ಅನ್ನುತ್ತಾರೆ ಅಂತ ಇಟ್ಟುಕೊಂಡ ಲೆಕ್ಕ) ಗುಣಿಸಿ, ಶೇ 5 ಅಂದರೆ 0.05ರ ವರ್ಗದಿಂದ ಭಾಗಿಸಿ. 384.16. ನೀವು ಚೀಟಿ ಎತ್ತುತ್ತಿಲ್ಲ, ಬಸ್ ಸ್ಟಾಪಿನಲ್ಲಿ ಸಿಕ್ಕವರನ್ನು ನಿಲ್ಲಿಸುತ್ತಿದ್ದೀರಿ. ಆಗ 384 ಆದರೂ ಒಂದೇ, 84 ಆದರೂ ಒಂದೇ, ಆ ಸೂತ್ರಕ್ಕೆ ಅರ್ಥ ಇಲ್ಲ.

ಇನ್ನು ಸಮಯದ ಲೆಕ್ಕ. 42 ಪ್ರಶ್ನೆಗೆ 40 ನಿಮಿಷ ಬೇಕು ಅಂದುಕೊಳ್ಳಿ. 384 ಜನಕ್ಕೆ 256 ಗಂಟೆ, ಬರೀ ಮಾತಿಗೆ. ಬಸ್ ಸ್ಟಾಪಿನಲ್ಲಿ 40 ನಿಮಿಷ ಯಾರು ನಿಲ್ಲುತ್ತಾರೆ? ಬಸ್ ಬಂದರೆ ಹತ್ತಿಬಿಡುತ್ತಾರೆ.

ಚಿತ್ರಾನ್ನ:
ಅದು ಬಿಎಂಟಿಸಿ, 40 ನಿಮಿಷ ನಿಲ್ಲುವ ಚಾನ್ಸ್ ಇದೆ.

ಕೆಂಪುಪೆನ್ನು:
'ಬದುಕು ಸುಧಾರಿಸಿದೆಯೇ' ಅನ್ನುವುದು ಪ್ರಶ್ನೆಯೇ ಅಲ್ಲ. ಬದುಕು ಅಂದರೆ ಯಾವುದು? ದುಡ್ಡಾ, ನಿದ್ದೆಯಾ, ಗಂಡನ ಜೊತೆ ಜಗಳ ಕಮ್ಮಿ ಆಗಿದ್ದಾ? 'ಉಚಿತ ಬಸ್ಸಿನಿಂದ ನಿಮಗೆ ಅನುಕೂಲ ಆಗಿದೆಯೇ' ಅಂತ ಕೇಳಿದರೆ 'ಹೌದಮ್ಮ' ಅಂತಾರೆ. ಇಲ್ಲ ಅಂದರೆ ಇರುವುದನ್ನೂ ಕಿತ್ತುಕೊಂಡರೆ ಅನ್ನುವ ಭಯ ಬೇರೆ. ಉತ್ತರ ಮೊದಲೇ ಗೊತ್ತಿದ್ದರೆ ಎರಡು ತಿಂಗಳು ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ?

ಅರ್ಧಪುಟ:
ಸ್ವಲ್ಪ ಮೆತ್ತಗೆ ಹೇಳಬಹುದಿತ್ತು 🙂 ಆದರೆ ಸರಿ.

ಲಾಸ್ಟ್‌ಬಸ್:
ನನ್ನದೂ ಒಂದು ಸೇರಿಸುತ್ತೇನೆ. 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಬಸ್ ಫ್ರೀ ಆಗಿದ್ದಕ್ಕೂ ಇದಕ್ಕೂ ಮಧ್ಯೆ ಮೂರು ತಿಂಗಳೂ ಇಲ್ಲ. ಒಬ್ಬ ಹೆಂಗಸು 'ಈಗ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ' ಅಂದರೆ ಅದು ಟಿಕೆಟ್ಟಿನದ್ದಾ, ಗೃಹಲಕ್ಷ್ಮಿಯದ್ದಾ, ಹೇಗೆ ಬಿಡಿಸುತ್ತೀರಿ? ಅವರಿಗೂ ಬಿಡಿಸಿ ಹೇಳಲು ಆಗುವುದಿಲ್ಲ, ದುಡ್ಡು ಒಂದೇ ಡಬ್ಬಿಗೆ ಬೀಳುತ್ತದೆ. ಹಾಗಾಗಿ ಉಳಿತಾಯದ ಪ್ರಶ್ನೆ ಬಿಟ್ಟು, ಬಸ್ಸಿನಿಂದ ಮಾತ್ರ ಬದಲಾಗಬಹುದಾದ ಒಂದು ವಿಷಯ ಹುಡುಕಿ.

ಒಂಬತ್ತನೇಬ್ಲಾಕ್:
ನಾನು ಬಿ.ಕಾಂ., ಸಂಶೋಧನೆ ಗಿಂಶೋಧನೆ ಗೊತ್ತಿಲ್ಲ, ಸುಮ್ನೆ ಓದುತ್ತಿದ್ದೆ. ಆದರೂ ಒಂದು ಮಾತು. ನಮ್ಮಮ್ಮ ಹದಿನೈದು ವರ್ಷದಿಂದ ಮನೆಕೆಲಸ ಮಾಡುತ್ತಾರೆ. ರಾಗಿಗುಡ್ಡದ ಹತ್ತಿರ ನಮ್ಮ ಮನೆ, ಅಮ್ಮ ಜಯನಗರದಲ್ಲಿ ಮೂರು ಮನೆ ಮಾಡುತ್ತಾರೆ. ಮೂರಕ್ಕೂ ನಡೆದುಕೊಂಡೇ ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಈ ಕೆಲಸ ಮಾಡುವ ಹೆಂಗಸರಲ್ಲಿ ಮುಕ್ಕಾಲು ಪಾಲು ನಡೆದೇ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಒಂದು ಮನೆ, ಒಂಬತ್ತಕ್ಕೆ ಇನ್ನೊಂದು, ಮಧ್ಯೆ ಬಸ್ಸಿಗೆ ಕಾಯುತ್ತಾ ನಿಂತರೆ ಎರಡನೇ ಮನೆಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ನೀವು ಬಸ್ ಸ್ಟಾಪಿನಲ್ಲಿ ನಿಂತರೆ ನಮ್ಮಮ್ಮ ನಿಮಗೆ ಸಿಗುವುದೇ ಇಲ್ಲ ಅಕ್ಕ.

ಆದರೆ ಪಕ್ಕದ ಮನೆ ಆಂಟಿ ಬಸ್ ಫ್ರೀ ಆದಮೇಲೆ ದೂರದ ಎಚ್‌ಎಸ್‌ಆರ್ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕೆಲಸ ಹಿಡಿದರು. ಅಲ್ಲಿ ಜಾಸ್ತಿ ಕೊಡುತ್ತಾರಂತೆ. ಮೊದಲು ಟಿಕೆಟ್ ದುಡ್ಡು ಕಳೆದರೆ ಗಿಟ್ಟುತ್ತಿರಲಿಲ್ಲ ಅಂತ ಹೋಗಿರಲಿಲ್ಲ. ಅಮ್ಮನನ್ನೂ ಕರೆದರು. ಅಮ್ಮ ಹೋಗಲಿಲ್ಲ, ತಮ್ಮ ಸ್ಕೂಲಿಂದ ಬರುವ ಹೊತ್ತಿಗೆ ಮನೆಯಲ್ಲಿ ಇರಬೇಕಲ್ಲ.

ಕೆಂಪುಪೆನ್ನು:
ಅರ್ಧಪುಟ, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ. ನಾವು ಮೂವರು ಬುದ್ಧಿವಂತರು ಸೇರಿ ಹೇಳಿದ್ದಕ್ಕಿಂತ ಇದು ದೊಡ್ಡದು.

ಸಂಖ್ಯಾಬಲ:
ಒಪ್ಪಿದೆ. ನಾನು ಸೂತ್ರದ ತಪ್ಪು ಹಿಡಿದೆ, ಬಸ್ಸು ಹತ್ತದವರು ಪಟ್ಟಿಯಲ್ಲೇ ಇಲ್ಲ ಅನ್ನುವುದು ನನಗೂ ಹೊಳೆದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಬಸ್ಸಿನ ಬಗ್ಗೆ ಕೇಳಿದರೆ ಬಸ್ಸು ಉಪಯೋಗಕ್ಕೆ ಬಂದವರೇ ಸಿಗುತ್ತಾರೆ. ಛತ್ರದ ಊಟದ ಹಾಲ್‌ನಲ್ಲಿ ನಿಂತು ಮದುವೆಗೆ ಯಾರು ಬಂದಿಲ್ಲ ಅಂತ ಎಣಿಸಿದ ಹಾಗೆ.

ಅರ್ಧಪುಟ:
ಒಂಬತ್ತನೇಬ್ಲಾಕ್, ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಓದಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನಮ್ಮ ಮನೆಗೆ ಬರುವವರು ಹೇಗೆ ಬರುತ್ತಾರೆ ಅಂತ ನಾನು ಇದುವರೆಗೆ ಕೇಳೇ ಇಲ್ಲ. ನಾಚಿಕೆ ಆಯಿತು. ಇವತ್ತು ಕೇಳಿದೆ. ನಡೆದು ಬರುತ್ತಾರಂತೆ, ಇಪ್ಪತ್ತು ನಿಮಿಷ.

ಈಗ ಗೊಂದಲ ಬೇರೆ. ವಿಷಯವನ್ನೇ ಬಿಟ್ಟುಬಿಡಲಾ?

ನಿವೃತ್ತಮೇಷ್ಟ್ರು:
ಬಿಡಬೇಡಿ ಮಗು. ನಿಮಗೆ ಈಗ ತಾನೇ ವಿಷಯ ಸಿಕ್ಕಿದೆ. ಆ ಹುಡುಗಿ ಹೇಳಿದ ಎರಡನೇ ಪ್ಯಾರಾ ಇನ್ನೊಮ್ಮೆ ಓದಿ. ಪಕ್ಕದ ಮನೆಯಾಕೆ ದೂರದ ಕೆಲಸ ಹಿಡಿದರು, ತಾಯಿ ಹಿಡಿಯಲಿಲ್ಲ. ಟಿಕೆಟ್ ಇಬ್ಬರಿಗೂ ಸೊನ್ನೆಯೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಅದೇ ಪ್ರಶ್ನೆ.

ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಒಂದು ಹಳೆಯ ಸಂಗತಿ ಹೇಳುತ್ತೇನೆ. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ 1948ರಲ್ಲಿ ಇದ್ದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಗೊತ್ತಲ್ಲ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬರೆಯಲು ಕೂತಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ವಿಂಗಡಿಸಿ ಸಿದ್ಧ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಗ ಅಲ್ಲಿ ಜೊತೆಗಿದ್ದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರಿಗೆ ಹೇಳಿದ್ದು, ನೆನಪಿನಿಂದಲೇ ಬರೆಯಿರಿ ಎಂದು. ಆ ಮಾತು ಹಿಡಿದು ಬರೆದ ಪುಸ್ತಕ 1976ರಲ್ಲಿ ಬಂತು. ಮೊದಲು ಹಾಕಿಕೊಂಡ ಯೋಜನೆಯಂತೆ ಬರೆದಿದ್ದರೆ ಅದು ಬೇರೆಯೇ ಪುಸ್ತಕ ಆಗುತ್ತಿತ್ತು. ಯೋಜನೆ ಕೆಟ್ಟಿತು ಅಂದರೆ ಕೆಲಸವೇ ಕೆಟ್ಟಿತು ಅಂತ ಅಲ್ಲ.

ಚಿತ್ರಾನ್ನ:
ಮೇಷ್ಟ್ರೇ, ಮೂರೂ ಪ್ರತಿಯನ್ನು ಒಂದೇ ಕಟ್ಟಡದಲ್ಲಿ ಇಟ್ಟಿದ್ದರಾ? ಅರ್ಧಪುಟ, ಇವತ್ತೇ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಅಜ್ಜಿ ಮನೆಯಲ್ಲಿ ಇಡಿ.

ಅರ್ಧಪುಟ:
ಹೊಸ ಪ್ರಶ್ನೆ ಹೀಗೆ ಬರೆದಿದ್ದೇನೆ, ನೋಡಿ: 'ಬಸ್ ಉಚಿತವಾದ ಮೇಲೆ ಮನೆಕೆಲಸದ ಮಹಿಳೆಯರು ಕೆಲಸ ಹಿಡಿಯುವ ದೂರ ಬದಲಾಗಿದೆಯೇ? ಬದಲಾಗದವರನ್ನು ತಡೆದದ್ದು ಏನು?'

384 ತೆಗೆದುಹಾಕಿದೆ. ಹಾಗಾದರೆ ಎಷ್ಟು ಜನ ಸಾಕು?

ಲಾಸ್ಟ್‌ಬಸ್:
ಪ್ರಶ್ನೆ ಈಗ ಕೈಗೆ ಸಿಗುವ ಹಾಗಿದೆ. ಇದಕ್ಕೆ ಫಾರ್ಮ್ ಬೇಡ, ಕೂತು ಮಾತಾಡಬೇಕು. 2006ರಲ್ಲಿ ಗೆಸ್ಟ್, ಬನ್ಸ್, ಜಾನ್ಸನ್ ಅಂತ ಮೂವರು ಸಂಶೋಧಕರು ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಇಟ್ಟುಕೊಂಡು, ಎಷ್ಟನೆಯವರಿಂದ ಆಚೆಗೆ ಹೊಸ ವಿಷಯ ಬರುವುದು ನಿಲ್ಲುತ್ತದೆ ಅಂತ ನೋಡಿದರು. ಮೊದಲ ಹನ್ನೆರಡರಲ್ಲೇ ಹೆಚ್ಚುಕಡಿಮೆ ಎಲ್ಲ ಬಂದಿತ್ತು. ಆದರೆ ಅದು ಒಂದೇ ಬಗೆಯ ಜನರಾದರೆ ಮಾತ್ರ. ನಿಮ್ಮಲ್ಲಿ ಎರಡು ಬಗೆ ಇದ್ದಾರೆ, ದೂರ ಹೋದವರು, ಹೋಗದವರು. ಒಂದೊಂದರಲ್ಲಿ ಹನ್ನೆರಡು, ಒಟ್ಟು ಇಪ್ಪತ್ನಾಲ್ಕು. ಒಬ್ಬಳಿಗೆ ಎರಡು ತಿಂಗಳಲ್ಲಿ ಆಗುವ ಕೆಲಸ, ಅದೂ ಒದ್ದಾಡಿ.

ಸಂಖ್ಯಾಬಲ:
ಮೂರನೇ ಬಗೆ ಬಿಟ್ಟಿರಿ. ಫ್ರೀ ಟಿಕೆಟ್ಟಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಬೇರೆ ರಾಜ್ಯದ ಆಧಾರ್ ಇಟ್ಟುಕೊಂಡ ಮನೆಕೆಲಸದವರು ಇದೇ ಊರಲ್ಲಿ ಎಷ್ಟೊಂದು ಜನ ಇದ್ದಾರೆ, ಅವರು ಇವತ್ತಿಗೂ ದುಡ್ಡು ಕೊಟ್ಟೇ ಓಡಾಡುತ್ತಾರೆ. 2025ರ ಜನವರಿ 5ರಿಂದ ಟಿಕೆಟ್ ಶೇ 15 ಏರಿದಾಗ ಅವರಿಗೆ ಪೂರ್ತಿ ಏಟು ಬಿತ್ತು, ಶೂನ್ಯ ಟಿಕೆಟ್ಟಿನವರಿಗೆ ಗೊತ್ತೇ ಆಗಲಿಲ್ಲ. ಒಂದೇ ಊರು, ಒಂದೇ ಕೆಲಸ, ಒಂದೇ ಬಸ್ಸು, ಒಬ್ಬರಿಗೆ ಫ್ರೀ ಇನ್ನೊಬ್ಬರಿಗೆ ಇಲ್ಲ. ಹೋಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗುತ್ತಾ?

ಲಾಸ್ಟ್‌ಬಸ್:
ಕೇಳಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಬೇರೆ ರಾಜ್ಯದಿಂದ ಬಂದು ಎರಡು ವರ್ಷ ಆದವರಿಗೂ, ಇಲ್ಲೇ ಹುಟ್ಟಿ ಬೆಳೆದವರಿಗೂ ಬರೀ ಟಿಕೆಟ್ ಒಂದೇ ವ್ಯತ್ಯಾಸವಾ? ಭಾಷೆ ಬೇರೆ, ಕೆಲಸ ಕೊಡಿಸುವವರು ಬೇರೆ. ಎಷ್ಟೋ ಜನ ಅಪಾರ್ಟ್‌ಮೆಂಟಿನ ಬೆನ್ನಿಗೇ ಶೆಡ್ಡಿನಲ್ಲಿ ಇರುತ್ತಾರೆ, ಅವರಿಗೆ ಬಸ್ಸೇ ಬೇಡ. ಜೊತೆಗೆ ಅರ್ಧಪುಟ ಅವರಿಗೆ ಬಂಗಾಳಿ ಬರುತ್ತದಾ?

ಅರ್ಧಪುಟ:
ಇಲ್ಲ. ಕನ್ನಡ, ತಮಿಳು, ಹರಕು ಮುರುಕು ತೆಲುಗು. ಈಗ ಯಾರ ಮಾತು ಕೇಳಲಿ? ಇಬ್ಬರೂ ಸರಿ ಅನ್ನಿಸುತ್ತಿದೆ.

ನಿವೃತ್ತಮೇಷ್ಟ್ರು:
ಇಬ್ಬರೂ ಸರಿಯೇ. ಬಂದ ಸಲಹೆಯನ್ನೆಲ್ಲ ಒಳಗೆ ತುಂಬಿಸಿಕೊಂಡರೆ ಮತ್ತೆ ಹದಿನಾಲ್ಕು ಪುಟ ಆಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಒಂದು ನೋಟ್‌ಬುಕ್ ಇಡಿಸುತ್ತಿದ್ದೆ. ಎಡಗಡೆ ಯಾರು ಏನು ಹೇಳಿದರು, ಬಲಗಡೆ ತೆಗೆದುಕೊಂಡೆನೋ ಬಿಟ್ಟೆನೋ, ಯಾಕೆ. ಬಿಟ್ಟದ್ದಕ್ಕೆ ಕಾರಣ ಬರೆಯಲೇಬೇಕು. ಬರೆಯಲು ಕಾರಣ ಸಿಗಲಿಲ್ಲ ಅಂದರೆ ಬಿಡುವ ಹಾಗಿಲ್ಲ. ಮುಂದೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) 'ಅದನ್ನು ಯಾಕೆ ಮಾಡಲಿಲ್ಲ' ಅಂತ ಕೇಳಿದಾಗ ಆ ಬಲಗಡೆಯ ಸಾಲೇ ಉತ್ತರ.

ಸಂಖ್ಯಾಬಲ:
ಸರಿ, ಭಾಷೆ ಬರದಿದ್ದರೆ ಬಿಡಿ. ಬಿಟ್ಟಿದ್ದೇವೆ ಅಂತ ಒಂದು ಸಾಲು ಮಾತ್ರ ಬರೆಯಿರಿ. ಆದರೆ ತಮಿಳುನಾಡು, ಆಂಧ್ರದ ಆಧಾರ್ ಇರುವವರು ನಾಲ್ಕೈದು ಜನ ಸಿಕ್ಕರೆ ಮಾತಾಡಿಸಿ, ಅಷ್ಟು ನನಗಾಗಿ. ಇನ್ನೊಂದು, 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಹೇಗೆ ಹೋಗುತ್ತೀರಿ ಅಂತ ಎರಡನ್ನೂ ಕೇಳಿದ್ದರು. ಗಂಡಸರು ಹೆಂಗಸರು ಬೇರೆ ಬೇರೆಯಾಗಿ ಪಟ್ಟಿ ಇದೆ. ಮನೆಕೆಲಸದವರದ್ದೇ ಬೇರೆ ಸಿಗುವುದಿಲ್ಲ, ಹಳೆಯದು ಬೇರೆ. ಆದರೂ ಊರಿನ ಹೆಂಗಸರು ಎಷ್ಟು ದೂರ ಹೋಗುತ್ತಿದ್ದರು ಅನ್ನುವ ಹಿನ್ನೆಲೆಗೆ ಸಾಕು. ನಿಮ್ಮ ಸಬಲೀಕರಣದ ಐದು ಪುಟದ ಜಾಗದಲ್ಲಿ ಅದನ್ನು ಹಾಕಿ.

ಒಂಬತ್ತನೇಬ್ಲಾಕ್:
ಅಕ್ಕ, ಇನ್ನೊಂದು. ಅವರು ಕೆಲಸ ಮಾಡುವ ಮನೆಗೆ ಹೋಗಿ ಮಾತಾಡಿಸಬೇಡಿ. ಓನರ್ ಆಂಟಿ ಸೋಫಾದಲ್ಲಿ ಕೂತಿದ್ದರೆ ಅಮ್ಮ 'ಎಲ್ಲ ಚೆನ್ನಾಗಿದೆ' ಅಂತಲೇ ಹೇಳುವುದು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ನಮ್ಮ ಬೀದಿಯಲ್ಲಿ ಎಲ್ಲ ಮನೆಯಲ್ಲೂ ಇರುತ್ತಾರೆ. ಸಂಬಳ ಎಷ್ಟು ಅಂತ ಮೊದಲೇ ಕೇಳಬೇಡಿ, ಬೀದಿಯಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾದರೆ ಜಗಳ.

ಕೆಂಪುಪೆನ್ನು:
ಮತ್ತೆ 'ಎರಡು ವರ್ಷದ ಹಿಂದೆ ಎಷ್ಟು ದೂರ ಹೋಗುತ್ತಿದ್ದಿರಿ' ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ತಾರೀಖು ಕೇಳಬೇಡಿ. 'ಮಗ ಆಗ ಎಷ್ಟನೇ ಕ್ಲಾಸು? ಆಗ ಯಾವ್ಯಾವ ಮನೆ ಮಾಡುತ್ತಿದ್ದಿರಿ?' ಅಂತ ಕೇಳಿ. ತಾಯಂದಿರು ಕಾಲ ಎಣಿಸುವುದು ಮಕ್ಕಳ ಕ್ಲಾಸಿನ ಲೆಕ್ಕದಲ್ಲಿ.

ಅರ್ಧಪುಟ:
ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಇಬ್ಬರನ್ನು ಸುಮ್ನೆ ಪ್ರಯೋಗಕ್ಕೆ ಅಂತ ಮಾತಾಡಿಸಿದೆ. ಒಂಬತ್ತನೇಬ್ಲಾಕ್ ಅವರ ತಾಯಿ (ಕಾಫಿ ಕೊಟ್ಟು, ಊಟ ಮಾಡಿಸದೆ ಬಿಡಲಿಲ್ಲ) ಮತ್ತು ಪಕ್ಕದ ಮನೆ ಆಂಟಿ. ಇಬ್ಬರನ್ನೂ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. 42 ಪ್ರಶ್ನೆ ಇದ್ದದ್ದು ಒಂಬತ್ತಕ್ಕೆ ಬಂದಿದೆ. ಮಕ್ಕಳ ಕ್ಲಾಸಿನ ಉಪಾಯ ಮಂತ್ರದ ಹಾಗೆ ಕೆಲಸ ಮಾಡಿತು. ಆಂಟಿ ಐದು ವರ್ಷದ ಮನೆಗಳನ್ನೆಲ್ಲ ಪಟಪಟ ಹೇಳಿದರು, ಯಾರು ದೀಪಾವಳಿಗೆ ಸೀರೆ ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದೂ ಸೇರಿ.

ಒಂದು ಹೊಸ ವಿಷಯ ಬಂತು, ಇಲ್ಲಿ ಯಾರೂ ಹೇಳಿರಲಿಲ್ಲ. ಆಂಟಿ ಹೋಗುವಾಗ ಬಸ್ಸು, ಬರುವಾಗ ಶೇರ್ ಆಟೋ. ಹನ್ನೆರಡೂವರೆ ಮೇಲೆ ಬಸ್ ಯಾವಾಗ ಬರುತ್ತದೋ ಗೊತ್ತಿಲ್ಲ, ಸಂಜೆಯ ಮನೆ ತಪ್ಪುತ್ತದೆ ಅಂತ. ಅಂದರೆ ಅರ್ಧ ದಾರಿ ಮಾತ್ರ ಫ್ರೀ.

ಗೈಡ್ ಹತ್ತಿರ ಒಂದು ಪುಟ ತೆಗೆದುಕೊಂಡು ಹೋಗಿ, 'ಸರ್, ಇದು ಎಲ್ಲಿ ಕೆಡಬಹುದು' ಅಂತ ಕೇಳಿದೆ. ಕನ್ನಡಕ ತೆಗೆದು ಇಪ್ಪತ್ತೈದು ನಿಮಿಷ ಮಾತಾಡಿದರು! ಒಪ್ಪಿಗೆ ಪಡೆಯುವುದು ಹೇಗೆ, ಓದಲು ಬಾರದವರಿಗೆ ಏನು ಓದಿ ಹೇಳಬೇಕು, ಹೆಸರು ಎಲ್ಲಿ ಮುಚ್ಚಬೇಕು, ಎಲ್ಲ ಅವರೇ ಹೇಳಿದರು. ಇಷ್ಟು ದಿನ ಸುಮ್ಮನೆ ಅವರನ್ನು ಬೈದುಕೊಂಡಿದ್ದೆ.

ಹೊಸಬ_ಜ್ಞಾನಭಾರತಿ:
ನಾನೂ ಸಿನಾಪ್ಸಿಸ್ ಬರೆಯುತ್ತಿದ್ದೇನೆ. ಹೀಗೆ ಎಲ್ಲರ ಮುಂದೆ ಹಾಕಿದರೆ ಐಡಿಯಾ ಯಾರಾದರೂ ಕದಿಯುವುದಿಲ್ವಾ?

ಚಿತ್ರಾನ್ನ:
ಗುರು, ಮೊದಲು ಯಾರಾದರೂ ಪೂರ್ತಿ ಓದಲಿ, ಕದಿಯುವುದು ಆಮೇಲೆ.

ಲಾಸ್ಟ್‌ಬಸ್:
ಭಯ ಸುಳ್ಳಲ್ಲ, ಆಗಿದ್ದೂ ಕೇಳಿದ್ದೇನೆ. ಕೈಯಲ್ಲಿ ಯಾರಿಗೂ ಸಿಗದ ದಾಖಲೆ ಇದ್ದರೆ ಅದನ್ನು ಹೊರಗೆ ಹಾಕಬೇಡಿ, ನಂಬಿಕೆಯ ಇಬ್ಬರಿಗೆ ತೋರಿಸಿ. ಆದರೆ ಇಂಥ ವಿಷಯದಲ್ಲಿ ಐಡಿಯಾ ಅಲ್ಲ ಕಷ್ಟ, ಇಪ್ಪತ್ನಾಲ್ಕು ಮಧ್ಯಾಹ್ನ ಬಿಸಿಲಲ್ಲಿ ಹೋಗಿ ಕೂರುವುದು ಕಷ್ಟ. ಅದನ್ನು ಯಾರೂ ಕದಿಯುವುದಿಲ್ಲ. ಮತ್ತೆ ಪಿಎಚ್‌ಡಿ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಇಡುವ ಶೋಧಗಂಗಾದಲ್ಲಿ ಒಮ್ಮೆ ಹುಡುಕಿ ನೋಡಿ, ನಿಮ್ಮದು ಅಂದುಕೊಂಡ ಐಡಿಯಾ ಅಲ್ಲಿ ಮೊದಲೇ ಕೂತಿರಬಹುದು.

ಒಂಬತ್ತನೇಬ್ಲಾಕ್:
ಅಕ್ಕ, ಅಮ್ಮ ಕೇಳಿದರು, ಪುಸ್ತಕ ಆದಮೇಲೆ ನಮ್ಮ ಹೆಸರು ಬರುತ್ತಾ ಅಂತ.

ಅರ್ಧಪುಟ:
ಮಾತಾಡಿದವರ ಹೆಸರು ಹಾಕುವ ಹಾಗಿಲ್ಲ ಅಂತ ಅಮ್ಮನಿಗೆ ಆವತ್ತೇ ಹೇಳಿದ್ದೆ, ಮತ್ತೆ ಬಂದು ಹೇಳುತ್ತೇನೆ. ಆದರೆ ನಿಮ್ಮದು ಹಾಕಬಹುದು, ಕೃತಜ್ಞತೆಯ ಪುಟದಲ್ಲಿ, ನೀವು ಒಪ್ಪಿದರೆ. ಪ್ರಶ್ನೆ ತಿದ್ದಿದ್ದು ನೀವೇ ಅಲ್ವಾ. ನಿಮ್ಮ ಬೀದಿ ಅಂತ ಗೊತ್ತಾಗದ ಹಾಗೆ ಬರೆಯುತ್ತೇನೆ.

ಅಂದಹಾಗೆ ಸೋಮವಾರ ಎರಡೂವರೆಗೆ ಬರಲಾ? ಆಂಟಿ ಇನ್ನಿಬ್ಬರನ್ನು ಕರೆಯುತ್ತೇನೆ ಅಂದಿದ್ದಾರೆ, ಒಬ್ಬರು ಧರ್ಮಪುರಿ ಕಡೆಯವರು, ಆಧಾರ್ ಇನ್ನೂ ಅಲ್ಲಿಯದ್ದೇ ಅಂತೆ. ಸಂಖ್ಯಾಬಲ ಅವರೇ, ನಿಮಗಾಗಿ.

ಒಂಬತ್ತನೇಬ್ಲಾಕ್:
ಬನ್ನಿ ಅಕ್ಕ. ಸೋಮವಾರ ನೀರು ಬರುವ ದಿನ, ಮೂರಕ್ಕೆ ಬನ್ನಿ. ಅಷ್ಟರಲ್ಲಿ ಎಲ್ಲರೂ ಬಿಂದಿಗೆ ತುಂಬಿಸಿ ಮುಗಿಸಿರುತ್ತಾರೆ.